ಗಡುವಿನೊಡನೆ ಬಾಳಿದ ಲೇಖಕ

ಶಾಲೆಯಲ್ಲಿರುವಷ್ಟು ಹೊತ್ತು ನಮ್ಮನ್ನೆಲ್ಲ ಆಳುವುದು ಗಂಟೆ. ಗಂಟೆ ಬಾರಿಸಿತೆಂದರೆ ಪ್ರಾರ್ಥನೆ; ಮತ್ತೆ ಬಾರಿಸಿತೆಂದರೆ ಪಾಠ; ಇನ್ನೊಮ್ಮೆ ಬಾರಿಸಿತೆಂದರೆ ಬಿಡುವು. ಕಚೇರಿಗಳಲ್ಲಿಯೂ ಕಾರಖಾನೆಗಳಲ್ಲಿಯೂ ದುಡಿಯುವವರಿಗೆ ಅವರವರ ಗಂಟೆಯುಂಟು, ಹಾಜರಿಯುಂಟು, ಮೇಲಧಿಕಾರಿಯ ಕಣ್ಣುಂಟು. ಆದರೆ ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಗಳನ್ನು ನಾವು ಕಂಡು ಬಲ್ಲೆವು. ಒಂದು ಮನೆಯಲ್ಲಿ ತಂದೆ ಹೊಲಿಗೆಯಂತ್ರದ ಮುಂದೆ ಕುಳಿತಿರುತ್ತಾರೆ. ಇನ್ನೊಂದು ಮನೆಯಲ್ಲಿ ತಾಯಿ ಹಪ್ಪಳ, ಉಪ್ಪಿನಕಾಯಿಗಳನ್ನು ಮಾಡಿ ಮಾರುತ್ತಾರೆ. ಮತ್ತೊಂದು ಮನೆಯಲ್ಲಿ ಅಣ್ಣ ಮದುವೆಗಳ ಅಡುಗೆಯನ್ನು ಗುತ್ತಿಗೆ ಹಿಡಿಯುತ್ತಾನೆ. ಇಂಥವರು ತಮಗೆ ತಾವೇ ಧಣಿಗಳು, ತಮಗೆ ತಾವೇ ಆಳುಗಳು. ಅವರಿಗೆ ಗಂಟೆ ಬಾರಿಸುವವರು ಯಾರೂ ಇಲ್ಲ. ಅವರನ್ನು ಎಬ್ಬಿಸುವುದು ಒಂದೇ ಒಂದು, ಕೆಲಸವನ್ನು ಒಪ್ಪಿಸಬೇಕಾದ ದಿನ. ಅದಕ್ಕೆ ಗಡುವು ಎಂದು ಹೆಸರು.

ಊರನ್ನು ಬಿಟ್ಟು ಮುಂಬಯಿಗೆ ಬಂದ ಹೊಸತರಲ್ಲಿ ನಾವು, ಶಾಲೆಯ ಸಂಬಳ ಸಾಲದೆ, ಮುದ್ರಣಾಲಯವೊಂದರಿಂದ ಕರಡು ತಿದ್ದುವ ಕೆಲಸವನ್ನು ಮನೆಗೆ ತರುತ್ತಿದ್ದೆವು. ಹದಿನೈದು ದಿನಗಳ ಅವಧಿಯಿರುತ್ತಿತ್ತು. ಹದಿಮೂರು ದಿನ ಕರಡು ಪೆಟ್ಟಿಗೆಯ ಮೇಲೆ ನೆಮ್ಮದಿಯಾಗಿ ಮಲಗಿರುತ್ತಿತ್ತು. ಕೊನೆಯ ಎರಡು ರಾತ್ರಿ ನಾವು ಮಲಗುತ್ತಿರಲಿಲ್ಲ. ಹಾಗೆ ತಿದ್ದಿದ ಒಂದು ಪುಸ್ತಕದಲ್ಲಿ, ಮೊದಲ ಪುಟದಲ್ಲಿಯೇ, ಗ್ರಂಥಕರ್ತರ ಹೆಸರಿನಲ್ಲಿಯೇ ತಪ್ಪು ಉಳಿದು ಅಚ್ಚಾಯಿತು. ಆ ನಾಚಿಕೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆ ದಿನಗಳಲ್ಲಿ ನಮ್ಮ ಕೈಗೆ ಬಂದದ್ದು ರಷ್ಯಾದೇಶದ ಮಹಾಕಾದಂಬರಿಕಾರ ಫ್ಯೋದರ್ ಮಿಖಾಯ್ಲೊವಿಚ್ ದಾಸ್ತೊಯೆವ್‌ಸ್ಕಿಯವರ ಜೀವನವೃತ್ತಾಂತ. ಗಡುವಿನ ಕತ್ತಿಯ ಕೆಳಗೆ ಅವರಂತೆ ಕುಳಿತು ಬರೆದವರು ವಿರಳ. ಆ ಕತ್ತಿಯಿಂದ ಅವರು ಪಡೆದುದೇನು, ಕಳೆದುಕೊಂಡುದೇನು, ಕೊನೆಗೆ ಕಲಿತುದೇನು ಎಂಬುದನ್ನು ನಿಮಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ. ಆಗಿನ ರಷ್ಯಾದ ಪಂಚಾಂಗವು ಉಳಿದ ಯುರೋಪಿನದಕ್ಕಿಂತ ಹನ್ನೆರಡು ದಿನ ಹಿಂದಿತ್ತು. ಇಲ್ಲಿ ಕೊಟ್ಟಿರುವ ತಾರೀಖುಗಳೆಲ್ಲ ಆ ಪಂಚಾಂಗದವು.

ದಾಸ್ತೊಯೆವ್‌ಸ್ಕಿಯವರು 1821ನೆಯ ಅಕ್ಟೋಬರ್ 30ರಂದು ಮಾಸ್ಕೋ ನಗರದಲ್ಲಿ ಹುಟ್ಟಿದರು. ತಂದೆ ಬಡವರ ಆಸ್ಪತ್ರೆಯೊಂದರ ವೈದ್ಯರು. ಮನೆಯೂ ಆಸ್ಪತ್ರೆಯ ಆವರಣದಲ್ಲಿಯೇ ಇತ್ತು. ಹದಿನೈದನೆಯ ವಯಸ್ಸಿನಲ್ಲಿ ತಾಯಿಯನ್ನೂ, ಎರಡು ವರ್ಷಗಳ ತರುವಾಯ ತಂದೆಯನ್ನೂ ಕಳೆದುಕೊಂಡರು. ಪೀಟರ್ಸ್‌ಬರ್ಗಿನ ಸೈನಿಕ ಎಂಜಿನಿಯರಿಂಗ್ ವಿದ್ಯಾಲಯದಲ್ಲಿ ಓದಿ, 1843ರಲ್ಲಿ ತೇರ್ಗಡೆ ಹೊಂದಿ, ಸರಕಾರದ ಕೆಲಸಕ್ಕೆ ಸೇರಿದರು. ಆದರೆ ನಕ್ಷೆ ಬರೆಯುವ ಆ ಕೆಲಸದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. 1844ರಲ್ಲಿಯೇ ಕೆಲಸಕ್ಕೆ ರಾಜೀನಾಮೆಯಿತ್ತು, ಲೇಖನಿಯೊಂದನ್ನೇ ನಂಬಿ ನಿಂತರು.

ಇದು ಎಂಥ ಸಾಹಸವೆಂಬುದನ್ನು ಗಮನಿಸಬೇಕು. ಆಗಿನ ರಷ್ಯಾದ ಹೆಸರಾಂತ ಲೇಖಕರಲ್ಲಿ ತುರ್ಗೆನೆವ್, ಟಾಲ್‌ಸ್ಟಾಯ್ ಮೊದಲಾದವರು ಜಮೀನುದಾರರು. ಬರೆದರೂ ಸರಿ, ಬರೆಯದಿದ್ದರೂ ಸರಿ, ಅವರ ಮನೆಯ ಒಲೆ ಆರುವಂತಿರಲಿಲ್ಲ. ದಾಸ್ತೊಯೆವ್‌ಸ್ಕಿಯವರಿಗಾದರೋ ಬರೆದರೆ ಮಾತ್ರ ಊಟ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರದು ಸ್ವಂತ ಉದ್ಯೋಗ. ಅವರ ಅಂಗಡಿ ಅವರ ತಲೆಯೊಳಗಿತ್ತು. 1846ರಲ್ಲಿ ಹೊರಬಂದ ಮೊದಲ ಕಾದಂಬರಿ 'ಬಡಜನ' ಅವರಿಗೆ ಒಮ್ಮೆಗೇ ಕೀರ್ತಿಯನ್ನು ತಂದಿತು.

ಆದರೆ ವಿಧಿ ಬೇರೆಯೇ ಬಗೆದಿತ್ತು. ಹೊಸ ವಿಚಾರಗಳನ್ನು ಚರ್ಚಿಸುತ್ತಿದ್ದ ಗೆಳೆಯರ ಗುಂಪೊಂದರಲ್ಲಿದ್ದ ಕಾರಣದಿಂದ 1849ರ ಏಪ್ರಿಲಿನಲ್ಲಿ ಅವರ ಬಂಧನವಾಯಿತು. ಆ ವರ್ಷದ ಡಿಸೆಂಬರ್ 22ರಂದು ಅವರನ್ನೂ ಸಂಗಡಿಗರನ್ನೂ ಗುಂಡಿಕ್ಕಿ ಕೊಲ್ಲುವುದಕ್ಕೆಂದು ಮೈದಾನಕ್ಕೆ ತಂದು ನಿಲ್ಲಿಸಿದರು. ಮೊದಲ ಮೂವರನ್ನು ಕಂಬಕ್ಕೆ ಕಟ್ಟಿದ್ದಾಯಿತು. ಸೈನಿಕರು ಕೋವಿಗಳನ್ನು ಎತ್ತಿದ್ದೂ ಆಯಿತು. ಆ ಗಳಿಗೆಯಲ್ಲಿ ಚಕ್ರವರ್ತಿಯು ಶಿಕ್ಷೆಯನ್ನು ಇಳಿಸಿರುವನೆಂಬ ಆಜ್ಞೆಯನ್ನು ಓದಿ ಹೇಳಲಾಯಿತು. ತಮಗೆ ಉಳಿದಿರುವುದು ಕೆಲವೇ ನಿಮಿಷಗಳೆಂದು ಎಣಿಸಿ ನಿಂತಿದ್ದ ಆ ಇಪ್ಪತ್ತೆಂಟರ ತರುಣನಿಗೆ ಕಾಲವೆಂದರೇನೆಂಬುದು ಅಂದು ತಿಳಿದಂತೆ ಮತ್ತಾರಿಗೆ ತಿಳಿದೀತು? ಮುಂದೆ ಸೈಬೀರಿಯಾದ ಓಮ್‌ಸ್ಕ್ ಸೆರೆಮನೆಯಲ್ಲಿ ನಾಲ್ಕು ವರ್ಷ ಕಠಿನ ಶಿಕ್ಷೆ. ಆ ಬಳಿಕ ದೂರದ ದಂಡಿನಲ್ಲಿ ಸಿಪಾಯಿಯ ಬಾಳು. ಅಪಸ್ಮಾರವೆಂಬ ಮೂರ್ಛೆರೋಗವೂ ಅವರಿಗೆ ಅಂಟಿಕೊಂಡಿತು. 1859ರ ಕೊನೆಯಲ್ಲಿ ಅವರು ಪೀಟರ್ಸ್‌ಬರ್ಗಿಗೆ ಹಿಂದಿರುಗಿದರು.

ಬಂದವರೇ ಅಣ್ಣ ಮಿಖಾಯಿಲನೊಡನೆ ಪತ್ರಿಕೆಯೊಂದನ್ನು ಹೊರಡಿಸಿದರು. ಅದು 1863ರಲ್ಲಿ ಸರಕಾರದ ಕೋಪಕ್ಕೆ ತುತ್ತಾಗಿ ನಿಂತಿತು. 1864ರಲ್ಲಿ ಇನ್ನೊಂದನ್ನು ಆರಂಭಿಸಿದರು. ಆ ವರ್ಷದ ಏಪ್ರಿಲಿನಲ್ಲಿ ಹೆಂಡತಿ ಕ್ಷಯರೋಗದಿಂದ ತೀರಿಕೊಂಡಳು. ಜುಲೈಯಲ್ಲಿ ಅಣ್ಣನೂ ತೀರಿಕೊಂಡನು. ಎರಡನೆಯ ಪತ್ರಿಕೆಯೂ 1865ರಲ್ಲಿ ಮುಳುಗಿತು. ಪತ್ರಿಕೆಯ ಸಾಲ, ಅಣ್ಣನ ಸಾಲ, ಅಣ್ಣನ ಸಂಸಾರ, ತೀರಿಕೊಂಡ ಹೆಂಡತಿಯ ಮೊದಲ ಮದುವೆಯ ಮಗ, ಎಲ್ಲದರ ಭಾರವೂ ಇವರ ಹೆಗಲಿಗೆ ಬಿತ್ತು. ಅಣ್ಣನ ಸಾಲ ತಮಗೆ ಸೇರಿದುದಲ್ಲವೆಂದು ಅವರು ಕೈಚೆಲ್ಲಬಹುದಾಗಿತ್ತು. ಹಾಗೆ ಮಾಡದೆ ಎಲ್ಲವನ್ನೂ ತಮ್ಮ ಮೇಲೆ ಬರೆಯಿಸಿಕೊಂಡರು. ಸಾಲಗಾರರು ಮನೆಯ ಸಾಮಾನುಗಳನ್ನು ಜಪ್ತಿ ಮಾಡಿಸುವುದಾಗಿಯೂ, ಅವರನ್ನು ಸೆರೆಮನೆಗೆ ಕಳುಹಿಸುವುದಾಗಿಯೂ ಬೆದರಿಸತೊಡಗಿದರು.

ಈ ಇಕ್ಕಟ್ಟಿನ ಹೊತ್ತಿನಲ್ಲಿ ಮುಂದೆ ಬಂದವನು ಸ್ತೆಲ್ಲೊವ್‌ಸ್ಕಿ ಎಂಬ ಪ್ರಕಾಶಕ. 1865ರ ಬೇಸಗೆಯಲ್ಲಿ ಅವನೊಡನೆ ಒಂದು ಕರಾರಾಯಿತು. ಅವನು ಕೊಡುವುದು 3000 ರೂಬಲ್. ಅದಕ್ಕೆ ಬದಲಾಗಿ ಅದುವರೆಗಿನ ಕೃತಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸುವ ಹಕ್ಕು ಅವನದು. ಅಷ್ಟೇ ಅಲ್ಲ, 1866ನೆಯ ನವೆಂಬರ್ 1ರೊಳಗೆ ಒಂದು ಹೊಸ ಕಾದಂಬರಿಯನ್ನೂ ಬರೆದು ಒಪ್ಪಿಸಬೇಕು. ತಪ್ಪಿದರೆ ಮುಂದಿನ ಒಂಬತ್ತು ವರ್ಷ ದಾಸ್ತೊಯೆವ್‌ಸ್ಕಿಯವರು ಬರೆಯುವುದನ್ನೆಲ್ಲ ಒಂದು ಕಾಸನ್ನೂ ಕೊಡದೆ ಅಚ್ಚು ಹಾಕಿಕೊಳ್ಳುವ ಅಧಿಕಾರ ಅವನಿಗೆ ದಕ್ಕುವುದು. ಬರವಣಿಗೆಯಿಂದಲೇ ಬದುಕುವವನಿಗೆ ಇದು ಕೈಗಳೆರಡನ್ನೂ ಒತ್ತೆಯಿಟ್ಟಂತೆ. ಕುತ್ತಿಗೆಗೆ ಬಂದಿದ್ದ ಸಾಲ ಅವರಿಂದ ಅದಕ್ಕೂ ರುಜು ಹಾಕಿಸಿತು. ಬಂದ ಹಣದಲ್ಲಿ ಹೆಚ್ಚಿನ ಪಾಲು ಸಾಲಗಾರರ ಪಾಲಾಯಿತು. ಉಳಿದುದನ್ನು ಹಿಡಿದು ಜರ್ಮನಿಯ ವೀಸ್‌ಬಾಡೆನ್ನಿಗೆ ಹೋದರು. ಅಲ್ಲಿ ರೂಲೆಟ್ ಎಂಬ ಜೂಜಿನಲ್ಲಿ ಅದನ್ನೂ ಕಳೆದರು. ಜೂಜು ಅವರ ಬಾಳಿನ ದೊಡ್ಡ ದೋಷ. ಮಹಾಪುರುಷರೆಂದು ಅದನ್ನು ನಾವು ಮರೆಮಾಚಬೇಕಾಗಿಲ್ಲ.

ಹದಿನಾರು ತಿಂಗಳ ಅವಧಿಯಿತ್ತಲ್ಲ, ಅದು ಏನಾಯಿತು ಎಂದು ನೀವು ಕೇಳಬಹುದು. ಆ ವೀಸ್‌ಬಾಡೆನ್ನಿನಲ್ಲಿಯೇ ಅವರು 'ಅಪರಾಧ ಮತ್ತು ಶಿಕ್ಷೆ' ಎಂಬ ಮಹಾಕೃತಿಯನ್ನು ಕೈಗೆತ್ತಿಕೊಂಡಿದ್ದರು. ಅದು 1866ರ ಜನವರಿಯಿಂದ ಮಾಸ್ಕೋವಿನ ಒಂದು ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರತೊಡಗಿತು. ಪ್ರತಿ ತಿಂಗಳ ಕಂತನ್ನೂ ಆ ತಿಂಗಳಿಗೇ ಬರೆದು ಕಳುಹಿಸಬೇಕು. ಹತ್ತಿರದ ಗಡುವು ದೂರದ ಗಡುವನ್ನು ಕಣ್ಣಿಗೆ ಮರೆಮಾಡಿತು. ಬೇಸಗೆಯಲ್ಲಿ ಮಾಸ್ಕೋವಿನ ಸಮೀಪದ ಹಳ್ಳಿಯೊಂದರಲ್ಲಿ ತಂಗಿಯ ಸಂಸಾರದ ನೆರೆಯಲ್ಲಿದ್ದಾಗ, ಬೆಳಗ್ಗೆ ಒಂದು ಕಾದಂಬರಿ, ಸಂಜೆ ಇನ್ನೊಂದು ಕಾದಂಬರಿ ಎಂದು ಹಂಚಿಕೆ ಹಾಕಿಕೊಂಡರು. ಹಂಚಿಕೆ ಹಂಚಿಕೆಯಾಗಿಯೇ ಉಳಿಯಿತು. ಸೆಪ್ಟೆಂಬರ್ ಮುಗಿಯಿತು, ಸ್ತೆಲ್ಲೊವ್‌ಸ್ಕಿಗೆ ಕೊಡಬೇಕಾದ ಕಾದಂಬರಿಯ ಒಂದು ಸಾಲೂ ಕಾಗದದ ಮೇಲೆ ಇಳಿದಿರಲಿಲ್ಲ. ಉಳಿದುದು ಒಂದೇ ತಿಂಗಳು.

ಸ್ನೇಹಿತರು ಮರುಗಿದರು. ಕಥೆಯ ಹಂದರವನ್ನು ಹೇಳಿದರೆ ತಾವು ಕೆಲವರು ಒಂದೊಂದು ಭಾಗವನ್ನು ಬರೆದುಕೊಡುವುದಾಗಿಯೂ, ಅವರ ಹೆಸರಿನಲ್ಲಿ ಅದನ್ನು ಒಪ್ಪಿಸಬಹುದೆಂದೂ ಸೂಚಿಸಿದರು. ಪರರು ಬರೆದುದಕ್ಕೆ ತಮ್ಮ ಹೆಸರನ್ನು ಹಾಕಲಾರೆನೆಂದು ದಾಸ್ತೊಯೆವ್‌ಸ್ಕಿಯವರು ಆ ಸಹಾಯವನ್ನು ನಿರಾಕರಿಸಿದರು. ಪರೀಕ್ಷೆಯ ದಿನಗಳಲ್ಲಿ ನೆರೆಯವರ ಉತ್ತರಪತ್ರಿಕೆಯತ್ತ ಕಣ್ಣು ಹಾಯಿಸುವ ಬಾಲಕರು ಈ ಮಾತನ್ನು ನೆನಪಿಡುವುದೊಳ್ಳೆಯದು. ಸೋಲು ಬಾಗಿಲಿಗೆ ಬಂದು ನಿಂತಾಗಲೂ ಅವರು ಕೆಲಸವನ್ನು ಬೇಗ ಮಾಡುವ ದಾರಿಯನ್ನು ಹುಡುಕಿದರೇ ಹೊರತು ಮಾಡದೆ ಮಾಡಿದೆನೆಂದು ಹೇಳುವ ದಾರಿಯನ್ನು ಹುಡುಕಲಿಲ್ಲ. ಆಗ ಅದೇ ಸ್ನೇಹಿತರಲ್ಲೊಬ್ಬರು ಶೀಘ್ರಲಿಪಿ ಬಲ್ಲವರನ್ನು ಇಟ್ಟುಕೊಂಡು ಬಾಯಿಂದ ಹೇಳಿ ಬರೆಯಿಸಬಹುದೆಂದರು.

ಶೀಘ್ರಲಿಪಿ ಎಂದರೆ ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಟೈಪಿಂಗ್ ಹಾಗೂ ಶೀಘ್ರಲಿಪಿಯನ್ನು ಕಲಿತು ಕಚೇರಿಗಳನ್ನು ಸೇರಿದ ಹಿರಿಯರು ನಿಮ್ಮ ಅಜ್ಜಂದಿರ ಪೈಕಿ ಎಷ್ಟೋ ಮಂದಿ ಇದ್ದಾರು. ಆದರೆ 1866ರ ರಷ್ಯಾದಲ್ಲಿ ಅದು ತೀರ ಹೊಸ ವಿದ್ಯೆ. ಪೀಟರ್ಸ್‌ಬರ್ಗಿನಲ್ಲಿ ಓಲ್ಖಿನ್ ಎಂಬ ಅಧ್ಯಾಪಕರು ಅದನ್ನು ಹೆಂಗಸರಿಗೆ ಸಂಜೆಯ ತರಗತಿಯಲ್ಲಿ ಕಲಿಸುತ್ತಿದ್ದರು. ಅವರ ಶಿಷ್ಯರಲ್ಲಿ ಮುಂದಾಗಿದ್ದವಳು ಅನ್ನಾ ಗ್ರಿಗೊರ್ಯೆವ್ನಾ ಸ್ನಿತ್‌ಕಿನಾ ಎಂಬ ಇಪ್ಪತ್ತರ ತರುಣಿ. ಅದೇ ವರ್ಷ ತಂದೆಯನ್ನು ಕಳೆದುಕೊಂಡು, ತನ್ನ ದುಡಿಮೆಯಿಂದಲೇ ಬಾಳಬೇಕೆಂದು ಹಟತೊಟ್ಟವಳು. ಐವತ್ತು ರೂಬಲ್ ಸಂಭಾವನೆಗೆ ಈ ಕೆಲಸವನ್ನು ಒಪ್ಪಿಕೊಂಡು ಅಕ್ಟೋಬರ್ 4ರಂದು ಆಕೆ ಲೇಖಕರ ಮನೆಯ ಮೆಟ್ಟಿಲನ್ನೇರಿದಳು. ಅದು ಆಕೆಯ ಜೀವನದ ಮೊದಲ ಉದ್ಯೋಗ.

ಮೊದಲ ಭೇಟಿ ಸುಖವಾಗಿರಲಿಲ್ಲ. ಲೇಖಕರ ಮನಸ್ಸು ಕದಡಿತ್ತು. ಪರೀಕ್ಷಿಸುವುದಕ್ಕಾಗಿ ಪತ್ರಿಕೆಯೊಂದರ ಭಾಗವನ್ನು ಅತಿ ವೇಗವಾಗಿ ಓದಿ ಬರೆಯಿಸಿದರು. ಆಕೆ ಮಾಡಿದ ಶುದ್ಧಪ್ರತಿಯಲ್ಲಿ ಒಂದು ಪೂರ್ಣವಿರಾಮ ಬಿಟ್ಟುಹೋಗಿದ್ದುದಕ್ಕೆ ಸಿಡುಕಿದರು. ಕಥೆಯನ್ನು ಹೇಳಲು ಬಾಯಿ ಬಾರದೆ ಆಕೆಯನ್ನು ಕಳುಹಿಸಿ, ಸಂಜೆ ಮತ್ತೆ ಬರುವಂತೆ ತಿಳಿಸಿದರು. ಸಂಜೆ ಕಥೆಯ ಮೊದಲ ಪುಟಗಳು ಹೊರಬಂದವು. ಮಾರನೆಯ ದಿನ ಆಕೆ ಅರ್ಧ ಗಂಟೆ ತಡವಾಗಿ ಬಂದಾಗ, ಅವರು ದಿಗಿಲುಗೊಂಡು ಕೋಣೆಯಲ್ಲಿ ಶತಪಥ ಹಾಕುತ್ತಿದ್ದರು. ಆಕೆಯ ಮನೆಯ ವಿಳಾಸವನ್ನು ಅವರು ಬರೆದಿಟ್ಟುಕೊಂಡಿರಲಿಲ್ಲ. ಬರೆದುಕೊಂಡುಹೋದ ಪುಟಗಳೊಡನೆ ಆಕೆ ಬಾರದೆ ನಿಂತುಬಿಟ್ಟರೆ ಗತಿಯೇನೆಂಬ ಭಯ ಅವರನ್ನು ಹಿಡಿದಿತ್ತು.

ಆ ಬಳಿಕ ಕೆಲಸಕ್ಕೊಂದು ಕ್ರಮ ಬಂದಿತು. ಪ್ರತಿದಿನವೂ ಮಧ್ಯಾಹ್ನ ಹನ್ನೆರಡು ಗಂಟೆಗೆ ಆಕೆ ಬರುವಳು. ನಾಲ್ಕು ಗಂಟೆಗೆ ಹೋಗುವಳು. ಈ ಅವಧಿಯಲ್ಲಿ ಮೂರು ಸಲ, ಒಂದೊಂದು ಸಲ ಅರ್ಧ ಗಂಟೆಗೆ ಮಿಕ್ಕು, ಅವರು ಹೇಳುವರು, ಆಕೆ ಬರೆದುಕೊಳ್ಳುವಳು. ನಡುವೆ ಚಹಾ, ನಡುವೆ ಮಾತು. ರಾತ್ರಿ ಮನೆಯಲ್ಲಿ ಆಕೆ ಶೀಘ್ರಲಿಪಿಯನ್ನು ಬಿಡಿಸಿ ಶುದ್ಧಪ್ರತಿ ಮಾಡುವಳು; ಮರುದಿನ ಅವರು ಅದನ್ನು ತಿದ್ದುವರು. ಮೊದಮೊದಲು ಅವರು ಆ ಹೊತ್ತಿಗೆ ತೋಚಿದುದನ್ನು ಹೇಳುತ್ತಿದ್ದರು. ದಿನಗಳು ಕಳೆದಂತೆ, ರಾತ್ರಿಯೇ ಮರುದಿನದ ಭಾಗವನ್ನು ಬರೆದಿಟ್ಟುಕೊಂಡು ಅದನ್ನು ನೋಡಿ ಹೇಳತೊಡಗಿದರು. ಬರೆದ ಪುಟಗಳೆಷ್ಟು, ಬರೆಯಬೇಕಾದುವೆಷ್ಟು ಎಂದು ಇಬ್ಬರೂ ಲೆಕ್ಕ ಹಾಕುತ್ತಿದ್ದರು. ಲೆಕ್ಕ ಏರಿದಂತೆ ಧೈರ್ಯವೂ ಏರಿತು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಯನ್ನು ಅವರು ಕೇಳಿರಲಿಲ್ಲ. ಆದರೆ ಆಚರಿಸಿ ತೋರಿಸಿದರು. ಆ ದಿನಗಳಲ್ಲಿ ಮನೆಯ ಚೀನೀ ಹೂದಾನಿಗಳು ಒಂದು ದಿನ ಕಾಣದಾದುವು. ಇನ್ನೊಂದು ದಿನ ಲೇಖಕರು ಮರದ ಚಮಚದಿಂದ ಉಣ್ಣುವುದನ್ನು ಆಕೆ ಕಂಡಳು. ಬೆಳ್ಳಿಯ ಚಮಚಗಳೂ ಹೂದಾನಿಗಳಂತೆಯೇ ಒತ್ತೆಯಂಗಡಿಯನ್ನು ಸೇರಿದ್ದುವು.

ಕಾದಂಬರಿಯ ಹೆಸರು 'ಜೂಜುಗಾರ'. ಜರ್ಮನಿಯ ಒಂದು ಕಲ್ಪಿತ ಊರಿನಲ್ಲಿ, ಜೂಜಿನ ಮೇಜಿನ ಸುತ್ತ ಬೆಂದುಹೋಗುವ ಮನುಷ್ಯರ ಕಥೆ. ಇಲ್ಲಿ ನಾವು ಮರೆಯಬಾರದ ಅಂಶವೊಂದಿದೆ. ಈ ಕಥೆಯ ಬೀಜ 1863ರಲ್ಲಿಯೇ ಅವರ ಮನಸ್ಸಿನಲ್ಲಿ ಬಿದ್ದಿತ್ತು. ಅದನ್ನು ಕುರಿತು ಅವರು ಆಗಲೇ ಸ್ನೇಹಿತರಿಗೆ ಪತ್ರ ಬರೆದಿದ್ದರು. ತಾವು ಜೂಜಾಡಿ ಪಟ್ಟ ಅವಮಾನವೆಲ್ಲ ಒಳಗೆ ಸಂಗ್ರಹವಾಗಿತ್ತು. ಬಾವಿಯಲ್ಲಿ ನೀರಿದ್ದುದರಿಂದ ಹಗ್ಗವನ್ನು ಬೇಗ ಬೇಗ ಎಳೆದರೂ ಕೊಡ ತುಂಬಿಯೇ ಬಂದಿತು. ಗಡುವು ಎಂಬುದು ಹಗ್ಗವನ್ನು ಎಳೆಯುವ ಕೈಯಷ್ಟೇ. ನೀರನ್ನು ಅದು ಹುಟ್ಟಿಸಲಾರದು. ವರ್ಷವೆಲ್ಲ ಪುಸ್ತಕ ತೆರೆಯದವನು ಪರೀಕ್ಷೆಯ ಹಿಂದಿನ ರಾತ್ರಿ ಎಷ್ಟು ಎಳೆದರೂ ಬರಿಯ ಕೊಡವೇ ಮೇಲೆ ಬರುವುದು.

ಅಕ್ಟೋಬರ್ 29ರಂದು ಹೇಳಿ ಬರೆಯಿಸುವುದು ಮುಗಿಯಿತು. ಆರಂಭದಿಂದ ಲೆಕ್ಕ ಹಾಕಿದರೆ ಇಪ್ಪತ್ತಾರು ದಿನ! ಕೊನೆಯ ಪುಟಗಳ ಶುದ್ಧಪ್ರತಿಯನ್ನು ಆಕೆ 30ರಂದು ತಂದುಕೊಟ್ಟಳು. ಅಂದು ಅವರ ನಲವತ್ತೈದನೆಯ ಹುಟ್ಟಿದ ದಿನ. ತಿದ್ದುಪಡಿಯೂ ಮುಗಿದು, ನವೆಂಬರ್ 1ರಂದು ದಾಸ್ತೊಯೆವ್‌ಸ್ಕಿಯವರು ಹಸ್ತಪ್ರತಿಯನ್ನು ಹಿಡಿದು ಪ್ರಕಾಶಕನ ಮನೆಗೆ ಹೋದರು. ಅವನು ಊರಿನಲ್ಲಿರಲಿಲ್ಲ. ಅವನ ಕಚೇರಿಯವರು ತಮಗೆ ಅಪ್ಪಣೆಯಿಲ್ಲವೆಂದು ಹಸ್ತಪ್ರತಿಯನ್ನು ಮುಟ್ಟಲೊಲ್ಲದಾದರು. ಗಡುವನ್ನು ತಪ್ಪಿಸುವುದಕ್ಕೆಂದೇ ಹೂಡಿದ ಉಪಾಯವಿದು! ಆದರೆ ಇಂಥದೊಂದು ನಡೆಯಬಹುದೆಂದು ಮೊದಲೇ ಊಹಿಸಿ, ಅನ್ನಾ ತಾಯಿಯ ಮೂಲಕ ವಕೀಲರೊಬ್ಬರ ಸಲಹೆಯನ್ನು ಪಡೆದಿದ್ದಳು. ಅದರಂತೆ ಅವರು ಪೋಲೀಸು ಠಾಣೆಗೆ ಹೋಗಿ, ಅಧಿಕಾರಿ ಬರುವವರೆಗೆ ಕಾದು, ಹಸ್ತಪ್ರತಿಯನ್ನು ಒಪ್ಪಿಸಿ ರಸೀತಿಯನ್ನು ಪಡೆದರು. ಆಗ ರಾತ್ರಿ ಹತ್ತು ಗಂಟೆ. ಗಡುವಿಗೆ ಎರಡೇ ಗಂಟೆ ಉಳಿದಿತ್ತು. ಒಂಬತ್ತು ವರ್ಷಗಳ ದಾಸ್ಯವು ಆ ಒಂದು ಚೀಟಿಯಿಂದ ತಪ್ಪಿತು.

ಮುಂದೆ 'ಅಪರಾಧ ಮತ್ತು ಶಿಕ್ಷೆ'ಯ ಕೊನೆಯ ಭಾಗವೂ ಅನ್ನಾಳ ಶೀಘ್ರಲಿಪಿಯ ನೆರವಿನಿಂದಲೇ ಮುಗಿಯಿತು. ಇಂದು ಕನ್ನಡದಲ್ಲಿಯೂ ದೊರೆಯುವ ಆ ಕಾದಂಬರಿಯನ್ನು ನೀವು ದೊಡ್ಡವರಾದ ಮೇಲೆ ಓದಲೇಬೇಕು. 1867ರ ಫೆಬ್ರವರಿ 15ರಂದು ಅವರಿಬ್ಬರ ವಿವಾಹವಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ, ಕೊನೆಯ ತಿಂಗಳಲ್ಲಿ ಎದ್ದು ಓಡಿದರೂ ಗೆಲ್ಲಬಹುದೆಂಬ ತಪ್ಪು ಪಾಠವನ್ನು ನೀವು ಕಲಿಯುತ್ತಿದ್ದಿರಿ. ಆದುದರಿಂದ ಮುಂದಿನದನ್ನೂ ಹೇಳಬೇಕು. ಮದುವೆಯಾದ ಕೆಲವೇ ವಾರಗಳಲ್ಲಿ ಸಾಲಗಾರರ ಕಾಟದಿಂದ ದಂಪತಿಗಳು ದೇಶವನ್ನು ಬಿಟ್ಟು ಹೊರಟು ನಾಲ್ಕು ವರ್ಷ ಯುರೋಪಿನಲ್ಲಿ ಅಲೆದರು. ಬರೆಯಲಿರುವ ಕಾದಂಬರಿಗೆ ಮುಂಗಡ ಹಣ ಪಡೆಯುವುದು, ಆ ಹಣ ಕರಗುವುದು, ಮತ್ತೆ ಗಡುವಿನ ಬೆನ್ನಟ್ಟುವಿಕೆ, ಇದೇ ಅವರ ಬಾಳಾಯಿತು. 1867ರ ಡಿಸೆಂಬರಿನಲ್ಲಿ, ಹಿಂದೆ ಬರೆದಿದ್ದುದನ್ನೆಲ್ಲ ಸರಿಯಿಲ್ಲವೆಂದು ಎತ್ತಿ ಬಿಸುಟು, ಹೊಸತಾಗಿ ಆರಂಭಿಸಿ, ಪತ್ರಿಕೆಯ ಜನವರಿಯ ಸಂಚಿಕೆಗೆ 'ಮೂರ್ಖ' ಎಂಬ ಕಾದಂಬರಿಯ ಮೊದಲ ಕಂತನ್ನು ಮುಟ್ಟಿಸಿದರು. ಮೂರ್ಛೆ ಬಂದರೆ ಕೆಲವು ದಿನ ತಲೆ ನಿಲ್ಲುತ್ತಿರಲಿಲ್ಲ; ಗಡುವು ಮಾತ್ರ ಅವರಿಗಾಗಿ ಕಾಯುತ್ತಿರಲಿಲ್ಲ. ಸಾವಧಾನವಾಗಿ ತಿದ್ದಿ ಬರೆಯುವ ಭಾಗ್ಯ ಜಮೀನುದಾರ ಲೇಖಕರಿಗಿದೆ, ತಮಗಿಲ್ಲ ಎಂಬ ಕೊರಗು ಅವರನ್ನು ಕೊನೆಯವರೆಗೂ ಕಾಡಿತು. ಅವಸರದಿಂದ ತಮ್ಮ ಕೃತಿಗಳು ಕೆಟ್ಟವೆಂದೇ ಅವರು ತಿಳಿದಿದ್ದರು. ಪರರು ಬಿಗಿದ ಗಡುವು ಕೆಲಸವನ್ನು ಮಾಡಿಸುತ್ತದೆ, ನಿಜ. ಆದರೆ ಅದು ದುಡಿಯುವವನ ಮೈಯಿಂದಲೂ ಮನಸ್ಸಿನಿಂದಲೂ ತನ್ನ ಬಡ್ಡಿಯನ್ನು ವಸೂಲು ಮಾಡದೆ ಬಿಡುವುದಿಲ್ಲ.

ಈ ಸುಳಿಯಿಂದ ಅವರನ್ನು ದಡಕ್ಕೆ ತಂದದ್ದು ಎರಡು ಬದಲಾವಣೆಗಳು. 1871ರಲ್ಲಿ ಅವರು ಜೂಜನ್ನು ಬಿಟ್ಟರು. ಮತ್ತೆಂದೂ ಅದನ್ನು ಮುಟ್ಟಲಿಲ್ಲ. ಅದೇ ವರ್ಷ ಪೀಟರ್ಸ್‌ಬರ್ಗಿಗೆ ಹಿಂದಿರುಗಿದ ಬಳಿಕ, ಅನ್ನಾ ಪುಸ್ತಕೋದ್ಯಮವನ್ನೇ ತನ್ನ ಕೈಗೆ ತೆಗೆದುಕೊಂಡಳು. ಕಾಗದದ ಬೆಲೆಯೇನು, ಅಚ್ಚಿನ ದರವೇನು, ಅಂಗಡಿಗಳವರಿಗೆ ಬಿಡಬೇಕಾದ ಸೋಡಿಯೆಷ್ಟು ಎಂಬುದನ್ನೆಲ್ಲ ವಿಚಾರಿಸಿ ತಿಳಿದು, 1873ರ ಜನವರಿಯಲ್ಲಿ 'ದೆವ್ವಗಳು' ಎಂಬ ಕಾದಂಬರಿಯ 3500 ಪ್ರತಿಗಳನ್ನು ಸ್ವಂತವಾಗಿ ಪ್ರಕಟಿಸಿದಳು. ಪುಸ್ತಕದಂಗಡಿಗಳವರು ಮನೆಯ ಬಾಗಿಲಿಗೇ ಬಂದು ಹಣವನ್ನಿತ್ತು ಪುಸ್ತಕಗಳನ್ನು ಕೊಂಡೊಯ್ದರು. ಸ್ತೆಲ್ಲೊವ್‌ಸ್ಕಿಯಂಥವರ ಮುಂದೆ ಕೈಯೊಡ್ಡುವ ಕಾಲ ಅಲ್ಲಿಗೆ ಮುಗಿಯಿತು.

ಆಗ ದಾಸ್ತೊಯೆವ್‌ಸ್ಕಿಯವರು ಮಾಡಿದ ಕಾರ್ಯವನ್ನು ನೋಡಿ. ಗಡುವಿನಿಂದ ಅಷ್ಟು ನೊಂದವರು, ಇನ್ನು ಮೇಲೆ ಗಡುವೇ ಬೇಡವೆಂದು ಆರಾಮವಾಗಿ ಕೂಡಬಹುದಾಗಿತ್ತು. ಹಾಗೆ ಮಾಡದೆ ತಮಗೆ ತಾವೇ ಒಂದು ಗಡುವನ್ನು ವಿಧಿಸಿಕೊಂಡರು. 1876ರಲ್ಲಿ 'ಲೇಖಕನ ದಿನಚರಿ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿ, ಪ್ರತಿ ತಿಂಗಳ ಕೊನೆಯ ದಿನ ಅದನ್ನು ಹೊರತರುವುದಾಗಿ ಸಾರಿದರು. ಬರೆಯುವವರೂ ಅವರೇ, ಒಡೆಯರೂ ಅವರೇ. ಅಚ್ಚುಮೊಳೆ ಜೋಡಿಸುವವರೊಡನೆ, ಕರಡಿನೊಡನೆ ಒದ್ದಾಡುತ್ತ ಎರಡು ವರ್ಷ ಅದನ್ನು ನಡೆಸಿದರು. ಹದಿನಾರು ತಿಂಗಳಾಚೆಗಿನ ಒಂದೇ ದೊಡ್ಡ ಗಡುವು ಅವರನ್ನು ಹಿಂದೆ ಮಲಗಿಸಿ ಬಳಿಕ ಬೆನ್ನಟ್ಟಿತ್ತು. ತಿಂಗಳಿಗೊಂದರಂತೆ ಬರುವ ಚಿಕ್ಕ ಗಡುವು ಅವರನ್ನು ಎಚ್ಚರದಲ್ಲಿಟ್ಟು ನಡೆಸಿತು. ಹೊಸ ಕಾದಂಬರಿಯೊಂದು ಮನಸ್ಸಿನಲ್ಲಿ ಬಲಿತಾಗ, 1877ರ ಕೊನೆಯಲ್ಲಿ ಆ ಪತ್ರಿಕೆಯನ್ನು ತಾವೇ ನಿಲ್ಲಿಸಿದರು. ಗಡುವನ್ನು ಹೂಡುವ ಅಧಿಕಾರದೊಡನೆ ಅದನ್ನು ಸಡಿಲಿಸುವ ಅಧಿಕಾರವೂ ಅವರ ಕೈಯಲ್ಲಿತ್ತು.

ಆ ಕಾದಂಬರಿಯೇ 'ಕರಮಾಜೋವ್ ಸಹೋದರರು'. 1878ರ ಮೇ ತಿಂಗಳಲ್ಲಿ ಅವರ ಕಿರಿಯ ಮಗ ಮೂರು ವರ್ಷ ತುಂಬುವ ಮೊದಲೇ ಮೂರ್ಛೆರೋಗದಿಂದ ತೀರಿಕೊಂಡನು. ಆ ದುಃಖವನ್ನು ನುಂಗಿ ಬರೆದ ಕೃತಿ 1879ರಲ್ಲಿ ಧಾರಾವಾಹಿಯಾಗಿ ಹೊರಬರತೊಡಗಿತು. ಅದೇ ವರ್ಷದಲ್ಲಿ ಮುಗಿಸುವುದಾಗಿ ಮಾತು ಕೊಟ್ಟಿದ್ದರು, ಮುಗಿಸಲಾಗಲಿಲ್ಲ. ಆಗ ಅವರು ಓದುಗರಿಗಾಗಿ ಪತ್ರಿಕೆಯಲ್ಲಿ ಬಹಿರಂಗವಾಗಿ ಒಂದು ಪತ್ರವನ್ನು ಪ್ರಕಟಿಸಿ, ಈ ವಿಳಂಬಕ್ಕೆ ಪತ್ರಿಕೆಯವರು ಕಾರಣರಲ್ಲ, ತಪ್ಪು ತಮ್ಮದೆಂದು ಒಪ್ಪಿಕೊಂಡರು. ಗಡುವಿಗೆ ಕೆಲಸ ಮುಗಿಸುವುದು ಒಂದು ಗುಣ. ಮುಗಿಯದಿದ್ದಾಗ ನೆಪ ಹೇಳದೆ ಮುಂಚಿತವಾಗಿ ತಿಳಿಸಿ ತಪ್ಪನ್ನು ಹೊರುವುದು ಇನ್ನೂ ದೊಡ್ಡ ಗುಣ. 1880ರ ನವೆಂಬರಿನಲ್ಲಿ ಆ ಕಾದಂಬರಿ ಮುಗಿಯಿತು. ಅಣ್ಣನ ಕಾಲದ ಸಾಲವೆಲ್ಲ ತೀರಿದುದು ಅವರು ಕಣ್ಮುಚ್ಚುವುದಕ್ಕೆ ಸುಮಾರು ಒಂದು ವರ್ಷ ಮೊದಲು. 1881ರಲ್ಲಿ 'ಲೇಖಕನ ದಿನಚರಿ'ಯನ್ನು ಮತ್ತೆ ಆರಂಭಿಸಿದರು. ಅದರ ಜನವರಿ ಸಂಚಿಕೆ ಅಚ್ಚಿನಲ್ಲಿದ್ದಾಗಲೇ, ಆ ತಿಂಗಳ 28ರಂದು, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಸಂಚಿಕೆ ಮಾತ್ರ ಹೊರಬಂದಿತು. ಅನ್ನಾ ಆ ಬಳಿಕ ಮೂವತ್ತೇಳು ವರ್ಷ ಬದುಕಿ, ಪತಿಯ ಗ್ರಂಥಗಳನ್ನು ಪ್ರಕಟಿಸುತ್ತ, 1918ರಲ್ಲಿ ಕಾಲವಾದಳು.

ವಿದ್ಯಾರ್ಥಿ ಮಿತ್ರರೇ, ಇಪ್ಪತ್ತಾರು ದಿನಗಳಲ್ಲಿ ಕಾದಂಬರಿ ಬರೆದ ಅದ್ಭುತವನ್ನು ಲೋಕ ಕೊಂಡಾಡುತ್ತದೆ. ಆ ಅದ್ಭುತದ ಒಳಗಿರುವುದು ಮಾತ್ರ ಬಹು ಸಾಧಾರಣವಾದ ವಸ್ತುಗಳು: ಮೊದಲೇ ಕೂಡಿಟ್ಟ ವಿಚಾರ, ನಿಗದಿಯಾದ ಹೊತ್ತು, ಪ್ರತಿದಿನದ ಪಾಲು, ಪುಟಗಳ ಲೆಕ್ಕ, ಮರುದಿನ ಹನ್ನೆರಡು ಗಂಟೆಗೆ ತಪ್ಪದೆ ಬರುವ ಜೊತೆಗಾರಳು. ಇವಿಲ್ಲದಿದ್ದರೆ ಸ್ತೆಲ್ಲೊವ್‌ಸ್ಕಿಯ ಬೆದರಿಕೆಯೊಂದರಿಂದ ಒಂದು ಪುಟವೂ ಹುಟ್ಟುತ್ತಿರಲಿಲ್ಲ. ಹದಿನಾರು ತಿಂಗಳಲ್ಲಿ ಹದಿನೈದು ತಿಂಗಳು ಆ ಬೆದರಿಕೆ ಇದ್ದೇ ಇತ್ತಲ್ಲವೆ? ಕೆಲಸ ಆರಂಭವಾದುದು ದಿನದ ಗಂಟೆ ನಿಶ್ಚಯವಾದ ಮೇಲೆಯೇ.

ನೀವು ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವಿರಿ. ನಿಮ್ಮಲ್ಲಿ ಎಲ್ಲರೂ ಸಂಬಳದ ಕೆಲಸಕ್ಕೆ ಸೇರುವಿರೆಂದು ಹೇಳಲಾಗದು. ಕೆಲವರು ತಂದೆಯ ಹೊಲಿಗೆಯಂಗಡಿಯನ್ನು ನಡೆಸುವಿರಿ. ಕೆಲವರು ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ದೂರದೂರಿನವರ ಕೆಲಸವನ್ನು ಮಾಡಿಕೊಡುವಿರಿ. ಅಂದು ನಮ್ಮ ಶಾಲೆಯ ಗಂಟೆ ನಿಮಗೆ ಕೇಳಿಸದು. ಆಗ ಗಿರಾಕಿ ಹೇಳಿದ ದೊಡ್ಡ ದಿನವೊಂದನ್ನೇ ನಂಬಿ ಮಲಗಬೇಡಿ. ಅದರ ಮುಂದೆ ನಿಮ್ಮವೇ ಆದ ಚಿಕ್ಕ ಚಿಕ್ಕ ದಿನಗಳನ್ನು ನೆಡಿ. ದೀಪಾವಳಿಗೆ ಮೂವತ್ತು ಅಂಗಿಗಳನ್ನು ಹೊಲಿಯಬೇಕಾದರೆ, ಇಂದಿನ ಪಾಲು ಎಷ್ಟೆಂಬುದನ್ನು ಇಂದೇ ಗೋಡೆಯ ಮೇಲೆ ಬರೆಯಿರಿ. ಜ್ವರಕ್ಕೆ, ನೆಂಟರಿಗೆ, ಮಳೆಗೆ, ನಿಂತುಹೋಗುವ ರೈಲುಗಾಡಿಗೆಂದು ಎರಡು ದಿನಗಳನ್ನು ಮೀಸಲಿಡಿ. ನಿಮ್ಮ ಕೆಲಸವನ್ನು ದಿನವೂ ಕಂಡು ಕೇಳುವ ಒಬ್ಬರನ್ನು, ಅಮ್ಮನಾಗಲಿ ಅಕ್ಕನಾಗಲಿ ಗೆಳೆಯನಾಗಲಿ, ಜೊತೆಗಿಟ್ಟುಕೊಳ್ಳಿ.

ನಾವೂ ಈಗ ಹಾಗೆಯೇ ಮಾಡುತ್ತೇವೆ. ಕರಡು ಮನೆಗೆ ಬಂದ ದಿನವೇ ಪುಟಗಳನ್ನು ಎಣಿಸಿ ಹದಿಮೂರು ಪಾಲು ಮಾಡುತ್ತೇವೆ. ಉಳಿದೆರಡು ದಿನ ಮತ್ತೊಮ್ಮೆ ಓದುವುದಕ್ಕೆ. ಮೊದಲು ನೋಡುವುದು ಗ್ರಂಥಕರ್ತರ ಹೆಸರನ್ನು. ಈ ವಾರ್ಷಿಕ ಸಂಚಿಕೆಗೆ ಲೇಖನವನ್ನು ಕೊಡಬೇಕೆಂದು ಸಂಪಾದಕ ಸಮಿತಿಯ ಬಾಲಕ ಬಾಲಕಿಯರು ನಮಗೂ ಒಂದು ಗಡುವನ್ನು ವಿಧಿಸಿದ್ದರು. ಅದಕ್ಕೆ ಒಂದು ದಿನ ಮೊದಲೇ ಇದನ್ನು ಅವರ ಕೈಗೊಪ್ಪಿಸುತ್ತಿದ್ದೇವೆ. ರಸೀತಿಯ ಅವಶ್ಯಕತೆಯಿಲ್ಲ.